ಎಲ್ಲೆ ಎಲ್ಲಿದೆ ಎಂದು ಮೊದಲು ಹೇಳಿ

ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ

ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲ ಎನ್ನುವ ಉಷ್ಣಗತಿಶಾಸ್ತ್ರದ ಮೊದಲ ನಿಯಮದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಒಂದು ಪುಟ್ಟ ಉತ್ತರಕ್ಕೆ ಇಷ್ಟು ಪತ್ರಗಳು ಬರುತ್ತವೆ ಎಂದು ನಾನು ಎಣಿಸಿರಲಿಲ್ಲ. ಬಂದವುಗಳಲ್ಲಿ ಹೆಚ್ಚಿನವು ‘ಸಂವೃತ ವ್ಯವಸ್ಥೆ’ಯನ್ನು ಕುರಿತವು. ನಾವು ಪರಿಶೀಲಿಸಲೆಂದು ಆರಿಸಿಕೊಂಡ ಭಾಗವೇ ವ್ಯವಸ್ಥೆ, ಅದನ್ನು ಹೊರಗಿನದರಿಂದ ಬೇರ್ಪಡಿಸಲು ನಾವು ಎಳೆದುಕೊಳ್ಳುವ ಗೆರೆಯೇ ಎಲ್ಲೆ. ಎಲ್ಲೆಯನ್ನು ದಾಟಿ ವಸ್ತು ಒಳಬರುವುದಿಲ್ಲ, ಹೊರಹೋಗುವುದಿಲ್ಲ, ಆದರೆ ಶಕ್ತಿ ಮಾತ್ರ ಉಷ್ಣವಾಗಿಯೋ ಕೆಲಸವಾಗಿಯೋ ದಾಟಬಹುದು ಎನ್ನುವಂಥ ವ್ಯವಸ್ಥೆಗೆ ಈ ಹೆಸರು. ಹೀಗಾಗಿ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ತಾವು ‘ಬಿಸಿ ನೀರಿನಲ್ಲಿ ಅಡಗಿರುವ ಉಷ್ಣ’ ಎಂದು ಬರೆದಿದ್ದೀರಿ. ಉಷ್ಣವು ವಸ್ತುವಿನೊಳಗೆ ಇರುವಂಥದ್ದಲ್ಲ ಎಂದು ನಾನು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ್ದೇನೆ. ತಪ್ಪಿದ್ದು ನಾನೋ, ತಾವೋ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ತಪ್ಪಿದ್ದು ನಾನೇ. ‘ಬಿಸಿ ನೀರಿನ ಆಂತರಿಕ ಶಕ್ತಿ’ ಎಂದು, ಅಂದರೆ ನೀರಿನ ಅಣುಗಳ ಚಲನೆಯಲ್ಲೂ ಅವುಗಳ ಪರಸ್ಪರ ಸೆಳೆತದಲ್ಲೂ ಕೂಡಿರುವ ಶಕ್ತಿ ಎಂದು, ಬರೆಯಬೇಕಿತ್ತು. ಈ ತಪ್ಪಿನಲ್ಲಿ ನಮ್ಮ ಆಡುಮಾತಿನ ಪಾಲೂ ಸ್ವಲ್ಪ ಇದೆ ಎಂದು ಹೇಳಿದರೆ ತಾವು ಒಪ್ಪುವಿರೆಂದು ಭಾವಿಸುತ್ತೇನೆ. ಪರಂಗಿ ಹಣ್ಣು ಉಷ್ಣ, ಎಳನೀರು ತಂಪು, ಮೈಯಲ್ಲಿ ಉಷ್ಣ ಏರಿದೆ ಎಂದು ಕೇಳುತ್ತಲೇ ಬೆಳೆದವರಿಗೆ ಉಷ್ಣವೆಂದರೆ ವಸ್ತುವಿನಲ್ಲಿ ಕೂತಿರುವ ಒಂದು ಗುಣ ಅಥವಾ ಸರಕು ಎನ್ನಿಸುವುದು ಸಹಜ. ಉಷ್ಣಗತಿಶಾಸ್ತ್ರವು ಅದೇ ಪದವನ್ನು ತೆಗೆದುಕೊಂಡು ಬೇರೆ ಅರ್ಥದಲ್ಲಿ ಬಳಸುತ್ತದೆ. ಒಳಗಿನ ತಾಪಮಾನಕ್ಕೂ ಹೊರಗಿನ ತಾಪಮಾನಕ್ಕೂ ವ್ಯತ್ಯಾಸವಿದೆ ಎಂಬ ಒಂದೇ ಕಾರಣದಿಂದ ಎಲ್ಲೆಯನ್ನು ದಾಟುವ ಶಕ್ತಿಗೆ, ಅದು ದಾಟುತ್ತಿರುವ ಹೊತ್ತಿನಲ್ಲಿ ಮಾತ್ರ, ಉಷ್ಣವೆಂದು ಹೆಸರು. ತಾಪಮಾನದ ವ್ಯತ್ಯಾಸದ ಹಂಗಿಲ್ಲದೆ, ಕೊಂತವನ್ನು (ಪಿಸ್ಟನ್) ತಳ್ಳಿದಂತೆ, ದಂಡವನ್ನು ತಿರುಗಿಸಿದಂತೆ, ತಂತಿಯಲ್ಲಿ ವಿದ್ಯುತ್ ಹರಿಸಿದಂತೆ ದಾಟುವ ಶಕ್ತಿಗೆ ಕೆಲಸವೆಂದು ಹೆಸರು. ದಾಟಿ ಆದ ಮೇಲೆ ಎರಡೂ ಹೆಸರುಗಳು ಮುಗಿದವು. ಉಳಿಯುವುದು ಆಂತರಿಕ ಶಕ್ತಿ ಮಾತ್ರ. ರಾಗಿ ಗಾಡಿಯಲ್ಲಿ ಬಂದಿರಲಿ, ತಲೆಹೊರೆಯಲ್ಲಿ ಬಂದಿರಲಿ, ಕಣಜಕ್ಕೆ ಸುರಿದ ಮೇಲೆ ಗಾಡಿಯ ರಾಗಿ ಯಾವುದು, ತಲೆಹೊರೆಯ ರಾಗಿ ಯಾವುದು ಎಂದು ಆರಿಸಲಾಗುವುದಿಲ್ಲ.

ನನ್ನಂತೆಯೇ ತಪ್ಪಿದವರು ಇತಿಹಾಸದಲ್ಲಿ ದೊಡ್ಡ ದೊಡ್ಡವರೇ ಇದ್ದಾರೆ ಎನ್ನುವುದೊಂದು ಸಮಾಧಾನ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಉಷ್ಣವೆಂದರೆ ‘ಕ್ಯಾಲೊರಿಕ್’ ಎಂಬ ತೂಕವಿಲ್ಲದ ದ್ರವ, ಅದು ವಸ್ತುವಿನ ಒಳಗೆ ತುಂಬಿಕೊಂಡಿರುತ್ತದೆ ಎಂಬುದೇ ಬಹುಮಂದಿಯ ನಂಬಿಕೆಯಾಗಿತ್ತು. ಮ್ಯೂನಿಕ್‌ನಲ್ಲಿ ಫಿರಂಗಿಗಳನ್ನು ಕೊರೆಯುವ ಕೆಲಸದ ಮೇಲ್ವಿಚಾರಣೆ ನೋಡುತ್ತಿದ್ದ ಕೌಂಟ್ ರಮ್‌ಫರ್ಡ್, ಬೇಕೆಂದೇ ಮೊಂಡಾದ ಬೈರಿಗೆಯನ್ನು ನೀರಿನೊಳಗೆ ಕುದುರೆಗಳ ಬಲದಿಂದ ತಿರುಗಿಸಿ, ಸುಮಾರು ಎರಡೂವರೆ ಗಂಟೆಯಲ್ಲಿ ಬೆಂಕಿಯಿಲ್ಲದೆ ನೀರು ಕುದಿಯುವುದನ್ನು ತೋರಿಸಿ, 1798ರಲ್ಲಿ ಅದನ್ನು ಪ್ರಕಟಿಸಿದ. ಕುದುರೆಗಳು ಸುತ್ತುತ್ತಿರುವವರೆಗೂ ಬಿಸಿ ಬರುತ್ತಲೇ ಇತ್ತು. ಒಳಗೆ ತುಂಬಿಟ್ಟ ದ್ರವವಾಗಿದ್ದರೆ ಅದು ಎಂದಾದರೂ ಬರಿದಾಗಬೇಕಿತ್ತಲ್ಲವೇ?

ಪ್ರಶ್ನೆ: ಭೌತಶಾಸ್ತ್ರದ ಪುಸ್ತಕದಲ್ಲಿ ಉಷ್ಣವು ಆಂತರಿಕ ಶಕ್ತಿಯ ಬದಲಾವಣೆ ಮತ್ತು ಕೆಲಸಗಳ ಮೊತ್ತಕ್ಕೆ ಸಮ ಎಂದಿದೆ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಆಂತರಿಕ ಶಕ್ತಿಯ ಬದಲಾವಣೆಯು ಉಷ್ಣ ಮತ್ತು ಕೆಲಸಗಳ ಮೊತ್ತಕ್ಕೆ ಸಮ ಎಂದಿದೆ. ಎರಡೂ ಹೇಗೆ ಸರಿಯಾಗುತ್ತವೆ? ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?
— ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಎರಡೂ ಸರಿ, ಮಗಳೇ. ಎರಡು ಪುಸ್ತಕಗಳು ‘ಕೆಲಸ’ ಎಂದು ಕರೆಯುತ್ತಿರುವುದು ಒಂದನ್ನೇ ಅಲ್ಲ, ಅಷ್ಟೇ. ಭೌತಶಾಸ್ತ್ರದ ಪುಸ್ತಕವು ವ್ಯವಸ್ಥೆಯು ಹೊರಗಿನ ಮೇಲೆ ಮಾಡಿದ ಕೆಲಸವನ್ನು ಧನವೆಂದು ಎಣಿಸುತ್ತದೆ. ರಸಾಯನಶಾಸ್ತ್ರದ ಪುಸ್ತಕವು ಹೊರಗಿನವರು ವ್ಯವಸ್ಥೆಯ ಮೇಲೆ ಮಾಡಿದ ಕೆಲಸವನ್ನು ಧನವೆಂದು ಎಣಿಸುತ್ತದೆ. ಸಿರಿಂಜಿನಂಥ ಒಂದು ಪಾತ್ರೆಯಲ್ಲಿರುವ ಅನಿಲಕ್ಕೆ 500 ಜೂಲ್ ಉಷ್ಣ ಕೊಟ್ಟೆವು, ಅದು ಹಿಗ್ಗಿ ಕೊಂತವನ್ನು ತಳ್ಳಿ 200 ಜೂಲ್ ಕೆಲಸ ಮಾಡಿತು ಎಂದಿಟ್ಟುಕೊಳ್ಳೋಣ. ಭೌತಶಾಸ್ತ್ರದ ತರಗತಿಯಲ್ಲಿ ನೀನು ಕೆಲಸವನ್ನು +200 ಎಂದು ಬರೆದು, 500ರಿಂದ ಕಳೆದು 300 ಪಡೆಯುತ್ತೀಯೆ. ರಸಾಯನಶಾಸ್ತ್ರದ ತರಗತಿಯಲ್ಲಿ ಕೆಲಸವನ್ನು −200 ಎಂದು ಬರೆದು, 500ಕ್ಕೆ ಕೂಡಿಸಿ ಅದೇ 300 ಪಡೆಯುತ್ತೀಯೆ. ಅನಿಲದ ಆಂತರಿಕ ಶಕ್ತಿ 300 ಜೂಲ್ ಹೆಚ್ಚಾಯಿತು ಎಂಬ ಸಂಗತಿ ಯಾವ ಪುಸ್ತಕವನ್ನೂ ಕೇಳಿಕೊಂಡು ನಡೆಯುವುದಿಲ್ಲ.

ಈ ಭೇದ ಹುಟ್ಟಿದ್ದೇಕೆ ಎಂದು ತಿಳಿದರೆ ನೆನಪಿಡುವುದು ಸುಲಭ. ಹತ್ತೊಂಬತ್ತನೇ ಶತಮಾನದಲ್ಲಿ ಈ ಶಾಸ್ತ್ರವನ್ನು ಕಟ್ಟಿದವರ ಕಣ್ಣ ಮುಂದೆ ಇದ್ದದ್ದು ಹಬೆಯಂತ್ರ. ಅದಕ್ಕೆ ಕಲ್ಲಿದ್ದಲಿನ ಉಷ್ಣವನ್ನು ಕೊಡುತ್ತೇವೆ, ಅದರಿಂದ ಕೆಲಸವನ್ನು ಪಡೆಯುತ್ತೇವೆ. ಕೊಟ್ಟದ್ದೂ ಪಡೆದದ್ದೂ ಧನಸಂಖ್ಯೆಯಾಗಿರಲಿ ಎಂಬುದು ಎಂಜಿನಿಯರನ ಅನುಕೂಲ. ರಸಾಯನಶಾಸ್ತ್ರಜ್ಞನಿಗೆ ಯಂತ್ರದ ಗೊಡವೆಯಿಲ್ಲ. ಅವನ ದೃಷ್ಟಿ ಇರುವುದು ಪ್ರನಾಳದೊಳಗಿನ ವಸ್ತುವಿನ ಮೇಲೆ. ಅದಕ್ಕೆ ಬಂದದ್ದೆಲ್ಲ ಧನ, ಅದರಿಂದ ಹೋದದ್ದೆಲ್ಲ ಋಣ. ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟವು ಶಿಫಾರಸು ಮಾಡಿರುವುದೂ ಈ ಎರಡನೆಯ ಕ್ರಮವನ್ನೇ. ನನ್ನನ್ನು ಕೇಳಿದರೆ ಈ ಎರಡನೆಯದೇ ಅಚ್ಚುಕಟ್ಟಾದದ್ದು, ಏಕೆಂದರೆ ಉಷ್ಣಕ್ಕೊಂದು ನ್ಯಾಯ, ಕೆಲಸಕ್ಕೊಂದು ನ್ಯಾಯ ಎಂಬ ಪಂಕ್ತಿಭೇದ ಅದರಲ್ಲಿಲ್ಲ. ಆದರೆ ಪರೀಕ್ಷೆಯಲ್ಲಿ ನನ್ನ ಅಭಿರುಚಿಗೆ ಅಂಕ ಸಿಗುವುದಿಲ್ಲವಾದ್ದರಿಂದ, ಭೌತಶಾಸ್ತ್ರದ ಪತ್ರಿಕೆಯಲ್ಲಿ ಅದರ ಪುಸ್ತಕದಂತೆ, ರಸಾಯನಶಾಸ್ತ್ರದ ಪತ್ರಿಕೆಯಲ್ಲಿ ಅದರ ಪುಸ್ತಕದಂತೆ ಬರೆ. ಮತ್ತು ಪ್ರತಿ ಲೆಕ್ಕದ ಮೊದಲ ಸಾಲಿನಲ್ಲಿ ‘ವ್ಯವಸ್ಥೆಯು ಮಾಡಿದ ಕೆಲಸ’ ಎಂದೋ ‘ವ್ಯವಸ್ಥೆಯ ಮೇಲೆ ಆದ ಕೆಲಸ’ ಎಂದೋ ಕನ್ನಡದಲ್ಲೇ ಆಗಲಿ, ಇಂಗ್ಲಿಷಿನಲ್ಲೇ ಆಗಲಿ, ಪೂರ್ತಿಯಾಗಿ ಬರೆದುಬಿಡು. ಚಿಹ್ನೆಯ ಗೊಂದಲದಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ: ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಲಾರದಷ್ಟು ಬಿಸಿಯಾಗಿರುತ್ತದೆ. ವಾಷರ್ ಉಜ್ಜಿ ಬಿಸಿಯಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಗಾಳಿ ಒತ್ತಿದ್ದಕ್ಕೆ ಬಿಸಿಯಾಗುತ್ತದೆ ಎಂದು ಮಗ ಹೇಳುತ್ತಾನೆ. ಯಾರ ಮಾತು ಸರಿ?
— ಓದುಗರು, ಮಂಡ್ಯ

ಉತ್ತರ: ಹೆಚ್ಚಿನ ಪಾಲು ಮಗನ ಮಾತೇ ಸರಿ, ಅಂಗಡಿಯವರ ಮಾತೂ ಪೂರ್ತಿ ಸುಳ್ಳಲ್ಲ. ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಪಂಪಿನ ಕೊಳವೆಯನ್ನು ಯಾವ ಟಯರಿಗೂ ಜೋಡಿಸದೆ, ಬಾಯಿ ತೆರೆದೇ ಇಟ್ಟುಕೊಂಡು, ಐವತ್ತು ಸಲ ಹೊಡೆಯಿರಿ. ವಾಷರ್ ಆಗಲೂ ಉಜ್ಜುತ್ತದೆ, ಗಾಳಿ ಮಾತ್ರ ಒತ್ತಡಕ್ಕೆ ಸಿಕ್ಕದೆ ಹೊರಗೆ ಹೋಗುತ್ತದೆ. ಪಂಪು ತಣ್ಣಗಾದ ಬಳಿಕ ಟಯರಿಗೆ ಜೋಡಿಸಿ, ಅದೇ ವೇಗದಲ್ಲಿ ಐವತ್ತು ಸಲ ಹೊಡೆದು ಬುಡವನ್ನು ಮುಟ್ಟಿ ನೋಡಿ. ಎರಡರ ಅಂತರ ಬೆರಳಿಗೇ ತಿಳಿಯುತ್ತದೆ. ಉಜ್ಜುವಿಕೆಯೇ ಮುಖ್ಯ ಕಾರಣವಾಗಿದ್ದರೆ ವಾಷರ್ ಓಡಾಡುವ ಉದ್ದಕ್ಕೂ ನಳಿಗೆ ಸಮವಾಗಿ ಬಿಸಿಯಾಗಬೇಕಿತ್ತು; ನಿಜದಲ್ಲಿ ಗಾಳಿ ಕೊನೆಗೆ ಒತ್ತಿ ಕೂಡುವ ಬುಡವೇ ಹೆಚ್ಚು ಸುಡುತ್ತದೆ.

ಹಿಡಿಯನ್ನು ಒತ್ತಲು ಆರಂಭಿಸಿದ ಗಳಿಗೆಯಿಂದ ಟಯರಿನ ವಾಲ್ವ್ ತೆರೆದುಕೊಳ್ಳುವ ಗಳಿಗೆಯವರೆಗೆ ನಳಿಗೆಯೊಳಗಿನ ಗಾಳಿ ಒಂದು ಸಂವೃತ ವ್ಯವಸ್ಥೆ. ಒತ್ತುವುದು ಕ್ಷಣಮಾತ್ರದಲ್ಲಿ ಮುಗಿಯುವುದರಿಂದ ಉಷ್ಣ ಹೊರಗೆ ಸೋರಲು ಸಮಯ ಸಾಲದು. ನಿಮ್ಮ ತೋಳು ಮಾಡಿದ ಕೆಲಸ ಬಹುಪಾಲು ಗಾಳಿಯ ಆಂತರಿಕ ಶಕ್ತಿಯಾಗಿ ನಿಲ್ಲುತ್ತದೆ. ಉಷ್ಣ ಒಂದಿಷ್ಟೂ ಸೋರಲಿಲ್ಲವೆಂದು ಭಾವಿಸಿ ಲೆಕ್ಕ ಹಾಕಿದರೆ, 27 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಅದರ ಗಾತ್ರದ ಮೂರನೇ ಒಂದು ಭಾಗಕ್ಕೆ ಒತ್ತಿದಾಗ ತಾಪಮಾನ ಸುಮಾರು 190 ಡಿಗ್ರಿಗೆ ಏರಬೇಕು. ಗಾಳಿಯ ತೂಕ ಗ್ರಾಮಿನ ಒಂದು ಭಾಗ ಮಾತ್ರವಾದ್ದರಿಂದ ಲೋಹದ ನಳಿಗೆ ಒಂದೇ ಏಟಿಗೆ ಸುಡುವುದಿಲ್ಲ, ಏಟಿನ ಮೇಲೆ ಏಟು ಬಿದ್ದಂತೆ ಬಿಸಿ ಕೂಡಿಕೊಳ್ಳುತ್ತ ಹೋಗುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಗಾಳಿ ಬಿಸಿಯಾದದ್ದು ಕೆಲಸದಿಂದ, ಉಷ್ಣದಿಂದ ಅಲ್ಲ. ಆ ಬಿಸಿ ಗಾಳಿಯಿಂದ ತಣ್ಣನೆಯ ಲೋಹಕ್ಕೆ, ಲೋಹದಿಂದ ನಿಮ್ಮ ಬೆರಳಿಗೆ ದಾಟಿದ್ದು ಮಾತ್ರ ಉಷ್ಣ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಡದಿರುವುದೂ ಇದೇ ಕಾರಣಕ್ಕೆ. ಅಲ್ಲಿ ಗಾಳಿಯನ್ನು ಹದಿನೆಂಟರಲ್ಲಿ ಒಂದು ಭಾಗಕ್ಕೆ ಒತ್ತಿದರೆ, ಅದೇ ಆದರ್ಶ ಲೆಕ್ಕದ ಪ್ರಕಾರ, ತಾಪಮಾನ ಸುಮಾರು 680 ಡಿಗ್ರಿ ಮುಟ್ಟುತ್ತದೆ. ನಿಜವಾದ ಎಂಜಿನ್ನಿನಲ್ಲಿ ಗೋಡೆಗಳಿಗೆ ಉಷ್ಣ ಸೋರಿ ಇದಕ್ಕಿಂತ ಕಡಿಮೆಯಾದರೂ, ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಧಾರಾಳವಾಗಿ ಸಾಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ ಒಂದರ್ಥದಲ್ಲಿ ನಿಮ್ಮ ಸೈಕಲ್ ಪಂಪಿನ ದಾಯಾದಿಯೇ.

ಪ್ರಶ್ನೆ: ಕೆಲಸವು ಮಾರ್ಗವನ್ನು ಅವಲಂಬಿಸಿದೆ, ಆಂತರಿಕ ಶಕ್ತಿ ಅವಲಂಬಿಸಿಲ್ಲ ಎಂದು ಬಾಯಿಪಾಠ ಮಾಡಿದ್ದೇನೆ. ಅಂಕಿಗಳಲ್ಲಿ ತೋರಿಸುವಿರಾ?
— ಬಿಎಸ್ಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ಒಂದು ಮೋಲ್ ಆದರ್ಶ ಅನಿಲವನ್ನು (ಅಣುಗಳ ನಡುವೆ ಸೆಳೆತವೇ ಇಲ್ಲವೆಂದು ಭಾವಿಸಿದ ಅನಿಲ) 300 ಕೆಲ್ವಿನ್ ತಾಪಮಾನದಲ್ಲಿ ತೆಗೆದುಕೊಂಡು, ಅದೇ ತಾಪಮಾನದಲ್ಲಿ ಗಾತ್ರ ಎರಡರಷ್ಟಾಗುವಂತೆ ಮೂರು ಬಗೆಯಲ್ಲಿ ಹಿಗ್ಗಿಸೋಣ. ಮೊದಲನೆಯದರಲ್ಲಿ ಕೊಂತದ ಮೇಲಿನ ಹೊರೆಯನ್ನು ಮರಳಿನ ಕಣದಂತೆ ಒಂದೊಂದಾಗಿ ಇಳಿಸುತ್ತ, ಹೊರಗಿನ ಒತ್ತಡ ಒಳಗಿನದಕ್ಕೆ ಸದಾ ಸರಿದೂಗುವಂತೆ ನೋಡಿಕೊಳ್ಳುತ್ತೇವೆ. ಆಗ ಅನಿಲ ಮಾಡುವ ಕೆಲಸ ಸುಮಾರು 1729 ಜೂಲ್. ಎರಡನೆಯದರಲ್ಲಿ ಹೊರೆಯ ಅರ್ಧವನ್ನು ಒಮ್ಮೆಗೇ ಎತ್ತಿಬಿಡುತ್ತೇವೆ, ಅನಿಲ ಉಳಿದರ್ಧದ ಒತ್ತಡವನ್ನು ಎದುರಿಸಿ ಹಿಗ್ಗುತ್ತದೆ. ಕೆಲಸ ಸುಮಾರು 1247 ಜೂಲ್. ಮೂರನೆಯದರಲ್ಲಿ ಪಕ್ಕದ ಬರಿದು ಮಾಡಿದ ಪಾತ್ರೆಗೆ ದಾರಿ ತೆರೆಯುತ್ತೇವೆ. ಎದುರಿಸಲು ಒತ್ತಡವೇ ಇಲ್ಲದ್ದರಿಂದ ಕೆಲಸ ಸೊನ್ನೆ. ಹೊರಟ ಸ್ಥಿತಿ ಒಂದೇ, ತಲುಪಿದ ಸ್ಥಿತಿ ಒಂದೇ. ಆದರ್ಶ ಅನಿಲದ ಆಂತರಿಕ ಶಕ್ತಿ ತಾಪಮಾನವನ್ನು ಮಾತ್ರ ನೆಚ್ಚಿರುವುದರಿಂದ ಮೂರರಲ್ಲೂ ಅದರ ಬದಲಾವಣೆ ಸೊನ್ನೆ, ಹಾಗಾಗಿ ಒಳಬಂದ ಉಷ್ಣವೂ ಕ್ರಮವಾಗಿ 1729, 1247 ಮತ್ತು ಸೊನ್ನೆ ಜೂಲ್.

ಮೂರನೆಯ ಸಂದರ್ಭದಲ್ಲಿ ಒಳಗಿನ ಒತ್ತಡವನ್ನು ಗಾತ್ರದ ಬದಲಾವಣೆಯಿಂದ ಗುಣಿಸಿ ‘ಕೆಲಸ ಸಿಕ್ಕಿತು’ ಎಂದು ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಎಲ್ಲೆಯ ಮೇಲೆ ಹೊರಗಿನಿಂದ ಎದುರಾಗುವ ಒತ್ತಡವೇ ಲೆಕ್ಕಕ್ಕೆ ಬರುವುದು. ಎಲ್ಲವೂ ನಿಧಾನವಾಗಿ ನಡೆದಾಗ ಒಳಗಿನದೂ ಹೊರಗಿನದೂ ಒಂದೇ ಆಗಿರುವುದರಿಂದ ಈ ತಪ್ಪು ಬಹಳ ದಿನ ಬಚ್ಚಿಟ್ಟುಕೊಂಡಿರುತ್ತದೆ.

ಪ್ರಶ್ನೆ: ಬಕೆಟ್ ನೀರಿಗೆ ಕಾಯಿಲ್ ಹಾಕಿ ಕಾಯಿಸುವಾಗ ನೀರಿಗೆ ದೊರೆಯುವುದು ಉಷ್ಣವೋ, ಕೆಲಸವೋ? ಉಷ್ಣ ಎಂದು ಬರೆದದ್ದಕ್ಕೆ ಆಂತರಿಕ ಪರೀಕ್ಷೆಯಲ್ಲಿ ಸೊನ್ನೆ ಹಾಕಿದ್ದಾರೆ.
— ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಎಲ್ಲೆಯನ್ನು ಎಲ್ಲಿ ಎಳೆದಿರಿ ಎಂದು ಪ್ರಶ್ನೆಪತ್ರಿಕೆ ಹೇಳಿತ್ತೇ? ಹೇಳಿರದಿದ್ದರೆ ಸೊನ್ನೆ ಹಾಕಬೇಕಾದದ್ದು ಪ್ರಶ್ನೆಗೆ. ನೀರು ಮಾತ್ರ ವ್ಯವಸ್ಥೆ, ಕಾಯಿಲ್ ಹೊರಗಿನದು ಎಂದರೆ, ಕೆಂಡದಂಥ ಕಾಯಿಲಿನಿಂದ ತಣ್ಣೀರಿಗೆ ತಾಪಮಾನದ ವ್ಯತ್ಯಾಸದಿಂದ ಶಕ್ತಿ ದಾಟುತ್ತದೆ, ಅದು ಉಷ್ಣ. ನೀರೂ ಕಾಯಿಲೂ ಸೇರಿ ವ್ಯವಸ್ಥೆ ಎಂದರೆ, ಎಲ್ಲೆಯನ್ನು ದಾಟುತ್ತಿರುವುದು ತಂತಿಯಲ್ಲಿ ಹರಿಯುವ ವಿದ್ಯುತ್ತು. ಅದು ಕೆಲಸ, ಉಷ್ಣ ಸೊನ್ನೆ. 1500 ವಾಟ್ ಕಾಯಿಲು 15 ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ಏರಿಸಲು, ಸೋರಿಕೆ ಬಿಟ್ಟರೆ, ಸುಮಾರು 14 ನಿಮಿಷ ಬೇಕು. ಆ 1256 ಕಿಲೋಜೂಲಿಗೆ ನೀವು ಯಾವ ಹೆಸರಿಟ್ಟರೂ ಸ್ನಾನದ ನೀರಿಗೆ ಭೇದ ತಿಳಿಯುವುದಿಲ್ಲ. ನಿಮ್ಮ ಉತ್ತರದಲ್ಲಿ ಎಲ್ಲೆಯನ್ನು ಹೆಸರಿಸಿ ಬರೆದಿದ್ದರೆ ಮರುಪರಿಶೀಲನೆ ಕೇಳಿ. ಬರೆದಿರದಿದ್ದರೆ ಸುಮ್ಮನಿರುವುದು ಲೇಸು.

ಪ್ರಶ್ನೆ: ಕುಕ್ಕರ್ ಸಂವೃತ ವ್ಯವಸ್ಥೆಯೇ? ಮೊದಲ ಸೀಟಿ ಬಂದ ಮೇಲೂ ಉರಿ ದೊಡ್ಡದಾಗಿಯೇ ಇಟ್ಟರೆ ಬೇಳೆ ಬೇಗ ಬೇಯುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ನನಗೆ ಅನುಮಾನ.
— ಗೃಹಿಣಿ, ತುಮಕೂರು

ಉತ್ತರ: ಗುಂಡು ಕೂತು, ಸೀಟಿ ಬರುವ ತನಕ ಸಂವೃತ ವ್ಯವಸ್ಥೆ. ಮುಚ್ಚಳ ಅಲುಗುವುದಿಲ್ಲ, ಗಾತ್ರ ಬದಲಾಗುವುದಿಲ್ಲ. ಆದ್ದರಿಂದ ಹಿಗ್ಗುವ ಕೆಲಸವಿಲ್ಲ, ಒಲೆಯಿಂದ ತಳದ ಮೂಲಕ ಬಂದ ಉಷ್ಣವೆಲ್ಲ ಒಳಗಿನ ಆಂತರಿಕ ಶಕ್ತಿಯಾಗುತ್ತದೆ. ಹಬೆಯ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಹೆಚ್ಚಿದಾಗ ಗುಂಡು ಮೇಲೇಳುತ್ತದೆ, ನೀರಿನ ತಾಪಮಾನ ಆಗ 120 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಬೆ ಹೊರನುಗ್ಗಿದ ಕ್ಷಣ ವಸ್ತು ಎಲ್ಲೆ ದಾಟಿತು, ಸಂವೃತ ವ್ಯವಸ್ಥೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ನಿಮ್ಮ ಅನುಮಾನ ಸರಿಯಾಗಿದೆ. ಗುಂಡಿನ ತೂಕವು ಒತ್ತಡಕ್ಕೆ ಮಿತಿ ಹಾಕುತ್ತದೆ, ಒತ್ತಡವು ತಾಪಮಾನಕ್ಕೆ ಮಿತಿ ಹಾಕುತ್ತದೆ, ಬೇಳೆ ಬೇಯುವುದು ತಾಪಮಾನವನ್ನು ನೋಡಿಕೊಂಡು. ಉರಿ ಎಷ್ಟೇ ದೊಡ್ಡದಿದ್ದರೂ ಹೆಚ್ಚಿನ ಉಷ್ಣ ನೀರನ್ನು ಹಬೆ ಮಾಡಿ ಹೊರಗಟ್ಟುವುದಕ್ಕೇ ವೆಚ್ಚವಾಗುತ್ತದೆ. ಆ ತಾಪಮಾನದಲ್ಲಿ ಒಂದು ಗ್ರಾಂ ನೀರು ಹಬೆಯಾಗಲು ಸುಮಾರು 2.2 ಕಿಲೋಜೂಲ್ ಬೇಕು; ಬೇಡದ ಒಂದು ಕಿಲೋವಾಟ್ ಒಳಗೆ ಹೋಗುತ್ತಿದ್ದರೆ ನಿಮಿಷಕ್ಕೆ 27 ಗ್ರಾಮಿನಷ್ಟು ನೀರು ಸೀಟಿಯ ದಾರಿ ಹಿಡಿಯುತ್ತದೆ. ಉರಿಯನ್ನು ಗುಂಡು ಆಗೊಮ್ಮೆ ಈಗೊಮ್ಮೆ ಮಾತ್ರ ಏಳುವಷ್ಟಕ್ಕೆ ಇಳಿಸಿದರೆ ಬೇಳೆ ಅಷ್ಟೇ ಹೊತ್ತಿನಲ್ಲಿ ಬೇಯುತ್ತದೆ, ಸಿಲಿಂಡರ್ ಹೆಚ್ಚು ದಿನ ಬರುತ್ತದೆ. ಅತ್ತೆಯವರ ಪರವಾಗಿಯೂ ಒಂದು ಮಾತು ಹೇಳಬೇಕು: ಮೊದಲ ಸೀಟಿಯ ತನಕ ದೊಡ್ಡ ಉರಿ ಇಡುವುದು ಖಂಡಿತ ಸರಿ, ಏಕೆಂದರೆ 120 ಡಿಗ್ರಿ ಬೇಗ ಮುಟ್ಟುವುದು ಹಾಗೆಯೇ. ಒಲೆ ಆರಿಸಿದ ಮೇಲೆ ಗುಂಡು ಮತ್ತೆ ಕೂತು ಕುಕ್ಕರ್ ಪುನಃ ಸಂವೃತ ವ್ಯವಸ್ಥೆಯಾಗುತ್ತದೆ. ಆಗ ಉಷ್ಣ ಹೊರಕ್ಕೆ ಹರಿಯುತ್ತದೆ, ಒತ್ತಡ ತಾನಾಗಿ ಇಳಿಯುತ್ತದೆ. ಆ ಹೊತ್ತಿನಲ್ಲೂ ಬೇಳೆ ಬೇಯುತ್ತಲೇ ಇರುತ್ತದೆ ಎಂಬುದನ್ನು ಅವಸರದಲ್ಲಿ ಗುಂಡು ಎತ್ತುವವರು ಮರೆಯುತ್ತಾರೆ.

ಪ್ರಶ್ನೆ: ಬೇಸಿಗೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ, ಫ್ಯಾನು ಹಾಕಿ ಹೊರಗೆ ಹೋದರೆ, ಬರುವಷ್ಟರಲ್ಲಿ ಕೋಣೆ ತಂಪಾಗಿರುತ್ತದೆಯೇ?
— ಓದುಗರು, ರಾಯಚೂರು

ಉತ್ತರ: ಇಲ್ಲ, ಇನ್ನಷ್ಟು ಬಿಸಿಯಾಗಿರುತ್ತದೆ. ಮುಚ್ಚಿದ ಕೋಣೆಯ ಗಾಳಿಯನ್ನು ಸಂವೃತ ವ್ಯವಸ್ಥೆ ಎಂದು ಹಿಡಿದರೆ, ಫ್ಯಾನಿನ ರೆಕ್ಕೆಗಳು ಅದರ ಮೇಲೆ ಕೆಲಸ ಮಾಡುತ್ತವೆ. ಗಾಳಿ ಸುತ್ತಿ ಸುಳಿದು ಕೊನೆಗೆ ತನ್ನೊಳಗೇ ಉಜ್ಜಿಕೊಂಡು ನಿಲ್ಲುವಾಗ ಆ ಕೆಲಸವೆಲ್ಲ ಆಂತರಿಕ ಶಕ್ತಿಯಾಗಿರುತ್ತದೆ. ಮೋಟಾರಿನ ಬಿಸಿಯೂ ಅದೇ ಗಾಳಿಗೆ ಸೇರುತ್ತದೆ. ಮ್ಯಾಂಚೆಸ್ಟರ್ ಬಳಿ ಬ್ರೂವರಿ ನಡೆಸುತ್ತಿದ್ದ ಮನೆತನದ ಜೇಮ್ಸ್ ಜೂಲ್ ಮಾಡಿದ್ದೂ ಇದನ್ನೇ, ಗಾಳಿಯ ಬದಲು ನೀರಿನಲ್ಲಿ. ಇಳಿಯುವ ತೂಕಗಳಿಂದ ಹಿತ್ತಾಳೆಯ ರೆಕ್ಕೆಗಳನ್ನು ನೀರಿನೊಳಗೆ ತಿರುಗಿಸಿ, ತೂಕಗಳನ್ನು ಮತ್ತೆ ಮತ್ತೆ ಮೇಲೆತ್ತಿ ಇಳಿಬಿಟ್ಟು, ಅರ್ಧ ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನ ಏರಿಕೆಯನ್ನು ಅಳೆದು, ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು 772 ಅಡಿ-ಪೌಂಡ್ ಕೆಲಸ ಬೇಕೆಂದು 1850ರಲ್ಲಿ ಪ್ರಕಟಿಸಿದ. ಇಂದು ನಾವು ಒಪ್ಪುವ ಅಂಕಿ ಸುಮಾರು 778. ಆ ಕಾಲದ ತಾಪಮಾಪಕವನ್ನು ಹಿಡಿದು ಇಷ್ಟು ಹತ್ತಿರ ಬಂದದ್ದು ನನಗೆ ಇಂದಿಗೂ ಬೆರಗಿನ ವಿಷಯ.

ನಿಮ್ಮ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರವಿದ್ದರೆ ಅದರಲ್ಲಿ ಸುಮಾರು 39 ಕಿಲೋಗ್ರಾಂ ಗಾಳಿಯಿರುತ್ತದೆ. 75 ವಾಟಿನ ಫ್ಯಾನು ಒಂದು ಗಂಟೆಯಲ್ಲಿ 270 ಕಿಲೋಜೂಲ್ ಒಳಗೆ ಸೇರಿಸುತ್ತದೆ. ಗೋಡೆಗಳು ಉಷ್ಣವನ್ನು ಒಂದಿಷ್ಟೂ ಹೀರದಿದ್ದರೆ ಗಾಳಿಯ ತಾಪಮಾನ 9ರಿಂದ 10 ಡಿಗ್ರಿ ಏರಬೇಕು. ಗೋಡೆ, ನೆಲ, ತಾರಸಿಗಳು ಹೀರುವುದರಿಂದ ನಿಜದ ಏರಿಕೆ ಇದರ ಸಣ್ಣ ಪಾಲು ಮಾತ್ರ. ಕೋಣೆಯಲ್ಲಿ ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವಾಟ್ ಉಷ್ಣ ಕೊಡುತ್ತಾನಾದ್ದರಿಂದ, ಬೆಚ್ಚಗೆ ಮಾಡುವ ವಿಷಯದಲ್ಲಿ ಫ್ಯಾನು ನಮಗಿಂತ ಸೌಮ್ಯ. ಅದರ ಕೆಳಗೆ ಕೂತಾಗ ತಂಪೆನ್ನಿಸುವುದು ಗಾಳಿ ನಮ್ಮ ಬೆವರನ್ನು ಬೇಗ ಆರಿಸುವುದರಿಂದ, ಕೋಣೆ ತಣ್ಣಗಾಗುವುದರಿಂದಲ್ಲ. ಆದ್ದರಿಂದ ಹೊರಡುವಾಗ ಫ್ಯಾನು ಆರಿಸಿ, ಹಗಲು ಕಿಟಕಿ ಮುಚ್ಚಿಯೇ ಇಡಿ. ಹೊತ್ತು ಮುಳುಗಿ ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ಎದುರುಬದುರಿನ ಎರಡು ಕಿಟಕಿ ತೆರೆಯಿರಿ. ಆಗ ಬಿಸಿ ಗಾಳಿಯೇ ಎಲ್ಲೆ ದಾಟಿ ಹೊರಗೆ ಹೋಗುತ್ತದೆ.